ಎಟಿಎಂ ಕಾರ್ಡಿನ ದಪ್ಪದಷ್ಟು ಅಪಾಯ: ಹಾರಿಸದೆಯೇ ಸವೆಯುವ ಪಿಸ್ತೂಲಿನ ತೋಟಾ

2018ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಸಂಭಲ್ ಜಿಲ್ಲೆಯಿಂದ ಒಂದು ವಿಡಿಯೊ ಹೊರಬಂತು. ನಿಮಗೂ ನೆನಪಿರಬಹುದು. ರಾತ್ರಿ ಹೊತ್ತು, ಪೊಲೀಸರು ಆರೋಪಿಗಳ ಬೆನ್ನು ಹತ್ತಿದ್ದಾರೆ. ಸಬ್ ಇನ್‌ಸ್ಪೆಕ್ಟರ್ ಒಬ್ಬರ ಕೈಯಲ್ಲಿದ್ದ ಆಯುಧ ಕೈಕೊಟ್ಟಿದೆ. ಅವರು ಬಾಯಲ್ಲೇ ‘ಠಾಯ್ ಠಾಯ್’ ಎಂದು ಕೂಗುತ್ತಿದ್ದಾರೆ. ದೇಶವೇ ನಕ್ಕಿತು. ಮೀಮ್‌ಗಳು ಬಂದವು, ಕಾಮಿಡಿ ಷೋಗಳು ಅದನ್ನೇ ಹಿಂಡಿದವು. ನಾನೂ ಫಾರ್ವರ್ಡ್ ಮಾಡಿದ್ದೆ, ಸುಳ್ಳು ಯಾಕೆ ಹೇಳಲಿ.

ಆಗ ಪೊಲೀಸ್ ಅಧಿಕಾರಿಗಳು ಕೊಟ್ಟ ವಿವರಣೆಯಲ್ಲಿ ಎರಡು ಭಾಗ ಇತ್ತು. ಕೂಗಿದ್ದು ಅಪರಾಧಿಗಳ ಮೇಲೆ ಮಾನಸಿಕ ಒತ್ತಡ ತರೋದಕ್ಕೆ ಅನ್ನೋದು ಒಂದು. ಗುಂಡು ಸಿಕ್ಕಿಹಾಕಿಕೊಂಡಿದ್ದು ‘ತಾಂತ್ರಿಕ ದೋಷ’ ಅನ್ನೋದು ಇನ್ನೊಂದು. ಮೊದಲನೆಯದನ್ನು ಹಿಡಿದು ಎಲ್ಲರೂ ನಕ್ಕರು. ಎರಡನೆಯದನ್ನು ಯಾರೂ ಕೇಳಲೇ ಇಲ್ಲ. ಯಾವ ತಾಂತ್ರಿಕ ದೋಷ? ಕೆಲವು ವರದಿಗಳು ರಿವಾಲ್ವರ್ ಅಂದವು, ಕೆಲವು ಪಿಸ್ತೂಲ್ ಅಂದವು. ಎರಡರ ಯಂತ್ರವೇ ಬೇರೆ, ಕೆಡುವ ರೀತಿಯೂ ಬೇರೆ. ಅಷ್ಟನ್ನೂ ಸರಿಯಾಗಿ ಬರೆಯದೆ ಫೈಲು ಮುಚ್ಚಿಹೋಯಿತು.

ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಉಳಿದ ಒಂದೇ ಚಟ ಅಂದ್ರೆ ಇದು. ‘ತಾಂತ್ರಿಕ ದೋಷ’ ಅಂತ ಯಾರಾದರೂ ಹೇಳಿದ ಕೂಡಲೇ, ಯಾವ ಭಾಗ, ಎಷ್ಟು ಮಿಲಿಮೀಟರ್, ಯಾರು ಅಳೆದರು ಅಂತ ಕೇಳಬೇಕು ಅನ್ಸುತ್ತೆ. ಪಿಸ್ತೂಲಿನ ತೋಟಾ ಕೆಡುವ ಹಲವು ದಾರಿಗಳಲ್ಲಿ ಒಂದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಇದಕ್ಕೆ ಬುಲೆಟ್ ಸೆಟ್‌ಬ್ಯಾಕ್ ಅಂತಾರೆ. ಸಂಭಲ್‌ನಲ್ಲಿ ಆಗಿದ್ದು ಇದೇ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಲು ಬೇಕಾದ ತನಿಖೆಯ ವಿವರ ಯಾವುದೂ ಹೊರಬರಲಿಲ್ಲ. ಆದರೆ ಅಂಥದ್ದೇ ಒಂದು ರಾತ್ರಿಯ ಬಗ್ಗೆ ಅಮೆರಿಕದ ಒಂದು ಪೊಲೀಸ್ ಇಲಾಖೆ ‘ಯಾವ ದೋಷ’ ಅಂತ ಕೇಳಿತ್ತು, ಉತ್ತರವನ್ನೂ ಪಡೆದಿತ್ತು. ಆ ಕತೆಗೆ ಬರೋಣ, ಅದಕ್ಕೂ ಮೊದಲು ಸ್ವಲ್ಪ ಪಾಠ.

ಗುಂಡು ಬೇರೆ, ತೋಟಾ ಬೇರೆ

‘ಆರೋಪಿಯಿಂದ ಪಿಸ್ತೂಲು, ಐದು ಜೀವಂತ ಗುಂಡು ವಶ’ ಅಂತ ನಮ್ಮ ಪತ್ರಿಕೆಗಳು ಬರೆಯುತ್ತವೆ. ಅವರು ವಶಪಡಿಸಿಕೊಂಡಿದ್ದು ಗುಂಡು ಮಾತ್ರ ಅಲ್ಲ, ಇಡೀ ತೋಟಾ. ತೋಟಾದಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೊಳವೆಯಂಥ ಕೇಸ್, ಅದರ ತಳದಲ್ಲಿ ಬಟ್ಟಲಿನಂಥ ಪುಟ್ಟ ಪ್ರೈಮರ್, ಒಳಗೆ ಮದ್ದು, ಬಾಯಿಗೆ ಬಿರಡೆಯ ಹಾಗೆ ಕೂರಿಸಿದ ಗುಂಡು. ಹಾರಿ ಹೋಗುವುದು ಆ ಬಿರಡೆ ಮಾತ್ರ.

ಈ ಬಿರಡೆಯನ್ನು ಹಿಡಿದಿಟ್ಟಿರುವುದು ಏನು? ಅಂಟಲ್ಲ, ಬೆಸುಗೆಯಲ್ಲ. ಬಹುತೇಕ ತೋಟಾಗಳಲ್ಲಿ ಹಿತ್ತಾಳೆಯ ಬಿಗಿತ ಅಷ್ಟೇ. ಕೇಸಿನ ಒಳವ್ಯಾಸ ಗುಂಡಿಗಿಂತ ಕೂದಲೆಳೆಯಷ್ಟು ಕಡಿಮೆ, ಬಾಯಿಯನ್ನು ಒಂಚೂರು ಒಳಕ್ಕೆ ಒತ್ತಿರುತ್ತಾರೆ. ಗುಂಡನ್ನು ಮೇಲಿನಿಂದ ಸಾಕಷ್ಟು ಬಲವಾಗಿ, ಸಾಕಷ್ಟು ಸಲ ತಳ್ಳಿದರೆ ಅದು ಒಳಕ್ಕೆ ಸರಿಯುತ್ತದೆ.

ತಳ್ಳುವವರು ಯಾರು ಅಂತೀರಾ? ಪಿಸ್ತೂಲೇ. ಮ್ಯಾಗಜೀನ್ ಹಾಕಿ ಸ್ಲೈಡ್ ಎಳೆದು ಬಿಟ್ಟಾಗ, ಸ್ಪ್ರಿಂಗಿನ ಬಲದಿಂದ ಸ್ಲೈಡ್ ಮುಂದಕ್ಕೆ ನುಗ್ಗುತ್ತದೆ. ಮ್ಯಾಗಜೀನಿನ ಮೇಲ್ಗಡೆಯ ತೋಟಾವನ್ನು ಹಿಂದಿನಿಂದ ಗುದ್ದಿ ಮುಂದಕ್ಕೆ ತಳ್ಳುತ್ತದೆ. ತೋಟಾ ನೇರವಾಗಿ ಚೇಂಬರಿನೊಳಗೆ ಹೋಗಲ್ಲ. ಗುಂಡಿನ ಮೂಗು ಮೊದಲು ಒಂದು ಇಳಿಜಾರಾದ ಲೋಹದ ಮೈಗೆ ಬಡಿಯುತ್ತದೆ. ಅದರ ಮೇಲೆ ಜಾರಿ, ಮೇಲಕ್ಕೆ ತಿರುಗಿ, ಆಮೇಲೆ ಒಳಗೆ ಕೂರುತ್ತದೆ. ಹಿಂದಿನಿಂದ ಸ್ಲೈಡು, ಮುಂದೆ ಇಳಿಜಾರು, ನಡುವೆ ಬಿರಡೆ. ಒಂದು ಸಲ ಆದರೆ ಏನೂ ಆಗಲ್ಲ, ತೋಟಾ ತಯಾರಿಸುವವರು ಅಷ್ಟನ್ನು ಯೋಚಿಸಿಯೇ ಮಾಡಿರುತ್ತಾರೆ. ತೊಂದರೆ ಶುರುವಾಗುವುದು ಅದೇ ತೋಟಾ ಹತ್ತು ಸಲ, ಇಪ್ಪತ್ತು ಸಲ, ನೂರು ಸಲ ಈ ಹಾದಿ ಹಿಡಿದಾಗ.

ಹಾರಿಸಿದ ತೋಟಾ ನೂರು ಸಲ ಹೋಗೋಕೆ ಸಾಧ್ಯವಿಲ್ಲ. ಹಾರಿಸದ ತೋಟಾ ಹೋಗುತ್ತೆ. ಡ್ಯೂಟಿಗೆ ಹೊರಡುವಾಗ ಚೇಂಬರಿಗೆ ತುಂಬು, ಮನೆಗೆ ಬಂದಾಗ ತೆಗೆ, ಮರುದಿನ ಮತ್ತೆ ತುಂಬು. ಬೆದೆಗೆ ಹೋಗದೆ ಕಟ್ಟಿಹಾಕಿದ ಎತ್ತಿನ ಗೊರಸು ಸವೆಯಲ್ಲ, ಆದರೆ ಲಾಕರಿನಿಂದ ಸೊಂಟಕ್ಕೆ, ಸೊಂಟದಿಂದ ಲಾಕರಿಗೆ ಓಡಾಡುವ ತೋಟಾ ಸವೆಯುತ್ತೆ.

ಒಂದು ಚಿಕ್ಕ ಲೆಕ್ಕ

ಗುಂಡು ಅರ್ಧ ಮಿಲಿಮೀಟರ್ ಒಳಗೆ ಹೋದರೆ ಏನಂತೆ? ನನಗೂ ಮೊದಲು ಹಾಗೇ ಅನ್ನಿಸಿತ್ತು.

ಅಮೆರಿಕದ ಸ್ಪಿಯರ್ ಕಂಪನಿ ಮನೆಯಲ್ಲಿ ತೋಟಾ ತುಂಬಿಕೊಳ್ಳುವ ಹವ್ಯಾಸಿಗಳಿಗಾಗಿ ಕೈಪಿಡಿ ಪ್ರಕಟಿಸುತ್ತದೆ. ಅದರಲ್ಲಿ 9 ಎಂ.ಎಂ. ತೋಟಾದ ಬಗ್ಗೆ ಕೊಟ್ಟಿರುವ ಒಂದು ಎಚ್ಚರಿಕೆ ಬಂದೂಕು ಬಲ್ಲವರ ನಡುವೆ ಭಾರೀ ಪ್ರಸಿದ್ಧ. ಸಾಮಾನ್ಯವಾಗಿ 28,000 ಸಿಯುಪಿ ಒತ್ತಡ ಹುಟ್ಟಿಸುವ ತೋಟಾದಲ್ಲಿ, ಗುಂಡನ್ನು ಬೇಕಂತಲೇ 0.030 ಇಂಚು ಹೆಚ್ಚು ಆಳಕ್ಕೆ ಕೂರಿಸಿದಾಗ ಒತ್ತಡ 62,000ಕ್ಕೆ ಏರಿತು. ಸಿಯುಪಿ ಅಂದ್ರೆ ತಾಮ್ರದ ಪುಟ್ಟ ತುಂಡು ಎಷ್ಟು ಜಜ್ಜಿತು ಅಂತ ನೋಡಿ ಒತ್ತಡ ಅಳೆಯುವ ಹಳೆಯ ಪದ್ಧತಿ. ಅದೇ ಅಳತೆಯಲ್ಲಿ 9 ಎಂ.ಎಂ.ಗೆ ಅಮೆರಿಕದ ಉದ್ಯಮ ಇಟ್ಟುಕೊಂಡಿರುವ ಗರಿಷ್ಠ ಮಿತಿ 33,000.

0.030 ಇಂಚು ಅಂದ್ರೆ 0.76 ಮಿಲಿಮೀಟರ್. ನಿಮ್ಮ ಪರ್ಸಿನಲ್ಲಿರುವ ಎಟಿಎಂ ಕಾರ್ಡ್ ತೆಗೆದು ನೋಡಿ. ಅದರ ದಪ್ಪ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸರಿಯಾಗಿ 0.76 ಮಿಲಿಮೀಟರ್. ಅಷ್ಟೇ.

ಒಂದು ಕಾರ್ಡಿನ ದಪ್ಪಕ್ಕೆ ಒತ್ತಡ ಎರಡು ಪಟ್ಟಿಗಿಂತ ಹೆಚ್ಚಾಗೋದು ಹೇಗೆ? ಲೆಕ್ಕ ಹಾಕಿ ನೋಡಿದೆ. 9 ಎಂ.ಎಂ. ಕೇಸಿನ ಒಳಗಿನ ಒಟ್ಟು ಜಾಗ ಸುಮಾರು 0.86 ಘನ ಸೆಂಟಿಮೀಟರ್. ಗುಂಡು ಕೂತ ಮೇಲೆ ಮದ್ದಿಗೆ, ಗಾಳಿಗೆ ಅಂತ ಉಳಿಯೋದು ಅಂದಾಜು ಅರ್ಧ ಘನ ಸೆಂಟಿಮೀಟರ್. ಒಂದು ಟೀ ಚಮಚದ ಹತ್ತನೇ ಒಂದು ಭಾಗ. ಗುಂಡು ಇನ್ನೂ 0.76 ಮಿಲಿಮೀಟರ್ ಇಳಿದರೆ ಆ ಜಾಗದಲ್ಲಿ ಸರಿಸುಮಾರು ಶೇ 10ರಷ್ಟು ಕಡಿಮೆಯಾಗುತ್ತೆ. ಪಿಯುಸಿ ಭೌತಶಾಸ್ತ್ರದ ಬಾಯ್ಲ್ ನಿಯಮ ಹಿಡಿದರೆ ಒತ್ತಡ ಶೇ 11ರಷ್ಟು ಏರಬೇಕು. ಆದರೆ ಕೈಪಿಡಿ ಹೇಳೋದು ಶೇ 120ರ ಏರಿಕೆ. ಬಾಯ್ಲ್ ತಪ್ಪಲ್ಲ, ಪ್ರಶ್ನೆ ತಪ್ಪು. ಇಲ್ಲಿ ಅನಿಲದ ಪ್ರಮಾಣ ಸ್ಥಿರವಾಗಿಲ್ಲ, ಮದ್ದು ಉರಿಯುತ್ತಾ ಹುಟ್ಟುತ್ತಿದೆ. ಮತ್ತು ಮದ್ದು ಎಷ್ಟು ವೇಗವಾಗಿ ಉರಿಯುತ್ತೆ ಅನ್ನೋದು ಸುತ್ತಲಿನ ಒತ್ತಡವನ್ನೇ ಅವಲಂಬಿಸಿದೆ.

ದೀಪಾವಳಿ ನೆನಪಿಸಿಕೊಳ್ಳಿ. ಠುಸ್ ಆದ ಪಟಾಕಿಗಳನ್ನು ಮರುದಿನ ಬೆಳಗ್ಗೆ ಆಯ್ದು, ಮದ್ದು ಬಿಡಿಸಿ, ಪೇಪರ್ ಮೇಲೆ ಸುರಿದು ಬೆಂಕಿ ಇಟ್ಟವರು ನಮ್ಮಲ್ಲಿ ಕಡಿಮೆ ಇಲ್ಲ (ಇದನ್ನು ಓದಿ ಹೊಸದಾಗಿ ಶುರು ಮಾಡಬೇಡಿ, ನನ್ನ ಹುಬ್ಬು ಒಂದು ಸಲ ಹೋಗಿತ್ತು). ಬಯಲಲ್ಲಿ ಅದು ‘ಸುರ್ರ್’ ಅಂತ ಉರಿದು ಮುಗಿಯುತ್ತೆ. ಅದೇ ಮದ್ದನ್ನು ಕಾಗದದಲ್ಲಿ ಸುತ್ತಿ, ಸುತ್ತಲೂ ಹುರಿ ಬಿಗಿದರೆ ‘ಢಂ’. ಮದ್ದು ಬದಲಾಗಿಲ್ಲ, ಬಿಗಿ ಬದಲಾಗಿದೆ. ಬಿಗಿ ಹೆಚ್ಚಾದರೆ ಒತ್ತಡ ಬೇಗ ಏರುತ್ತೆ. ಒತ್ತಡ ಏರಿದ್ದಕ್ಕೆ ಮದ್ದು ಇನ್ನೂ ಬೇಗ ಉರಿಯುತ್ತೆ. ಬೇಗ ಉರಿದಿದ್ದಕ್ಕೆ ಒತ್ತಡ ಇನ್ನೂ ಏರುತ್ತೆ. ಇದೆಲ್ಲ ಒಂದು ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಮುಗಿದುಹೋಗುತ್ತೆ, ಗುಂಡು ಇನ್ನೂ ಜಾಗ ಬಿಟ್ಟು ಕದಲುತ್ತಿರುವಾಗಲೇ. ಪಿಸ್ತೂಲಿನ ಮದ್ದು ಮೊದಲೇ ವೇಗವಾಗಿ ಉರಿಯುವ ಜಾತಿ, ಜಾಗವೂ ಚಿಕ್ಕದು. ಹಾಗಾಗಿ ರೈಫಲ್ಲಿಗಿಂತ ಪಿಸ್ತೂಲಿಗೆ ಈ ಕಾಟ ಹೆಚ್ಚು.

ಇನ್ನೊಂದು ಅಂದಾಜು ಬೇಕಾದರೆ: 9 ಎಂ.ಎಂ.ನ ಗರಿಷ್ಠ ಮಿತಿ ಈಗಿನ ಅಳತೆಯಲ್ಲಿ 35,000 ಪಿಎಸ್‌ಐ. ಬಂಕಿನಲ್ಲಿ ಕಾರಿನ ಟೈರಿಗೆ ಹಾಕಿಸುವ ಗಾಳಿ ಮೂವತ್ತೈದರ ಆಸುಪಾಸು. ಅಂದ್ರೆ ಸಾವಿರಪಟ್ಟು, ಅದೂ ಎಲ್ಲವೂ ಸರಿ ಇದ್ದಾಗ. ಪಿಸ್ತೂಲು ತಯಾರಿಸುವವರು ಮಿತಿಗಿಂತ ಶೇ 30-40ರಷ್ಟು ಹೆಚ್ಚು ಒತ್ತಡದ ತೋಟಾ ಹಾರಿಸಿ ಪರೀಕ್ಷೆ ಮಾಡಿಯೇ ಮಾರುತ್ತಾರೆ. ಆ ಅಂತರದೊಳಗೆ ಬರುವ ಸಣ್ಣಪುಟ್ಟ ಏರಿಕೆಯನ್ನು ಒಳ್ಳೆಯ ಪಿಸ್ತೂಲು ನುಂಗಿಕೊಳ್ಳುತ್ತೆ. ಬಳಸಿದವರಿಗೆ ಸದ್ದು ಸ್ವಲ್ಪ ಜೋರು ಅನ್ನಿಸಬಹುದು, ಅಷ್ಟೇ. ಹಾಗಾಗಿ ಸೆಟ್‌ಬ್ಯಾಕ್ ಆದ ಪ್ರತಿ ತೋಟಾ ಸಿಡಿಯುತ್ತೆ ಅಂತ ಹೆದರಿಸೋದು ತಪ್ಪು. ಎರಡು ಪಟ್ಟು ಏರಿದರೆ ಮಾತ್ರ ಆ ಅಂತರ ಸಾಲಲ್ಲ.

ಸಾಲದಿದ್ದಾಗ ಏನಾಗುತ್ತೆ? ನಳಿಕೆ ಸಾಮಾನ್ಯವಾಗಿ ಗಟ್ಟಿ, ಅದು ತಡೆದುಕೊಳ್ಳುತ್ತೆ. ಸೋಲುವುದು ಹಿತ್ತಾಳೆ. ತೋಟಾ ಒಳಗೆ ಹತ್ತಲು ಬಿಟ್ಟಿರುವ ಆ ಇಳಿಜಾರಿನ ಬಳಿ ಕೇಸಿನ ತಳಭಾಗಕ್ಕೆ ಆಸರೆ ಕಡಿಮೆ ಇರುತ್ತೆ. ಹಿತ್ತಾಳೆ ಅಲ್ಲಿ ಹರಿದು, ಬಿಸಿ ಅನಿಲ ಕೆಳಕ್ಕೆ, ಮ್ಯಾಗಜೀನ್ ಇರುವ ಹಿಡಿಯೊಳಕ್ಕೆ ನುಗ್ಗುತ್ತೆ. ಮ್ಯಾಗಜೀನ್ ಕಿತ್ತು ಕೆಳಗೆ ಬೀಳಬಹುದು, ಹಿಡಿ ಸೀಳಬಹುದು. ಆ ಹಿಡಿಯ ಸುತ್ತ ಇರೋದು ಬೆರಳುಗಳು. ಅಮೆರಿಕದ ಬಂದೂಕುದಾರರು ಇದಕ್ಕೆ ‘ಕಬೂಮ್’ ಅಂತಲೇ ಹೆಸರಿಟ್ಟಿದ್ದಾರೆ.

ಮಯಾಮಿಯಿಂದ ಬಂದ ಮೊಟಕು ತೋಟಾ

ಈ ಪದ ಜೋರಾಗಿ ಕೇಳಿಬಂದಿದ್ದು .40 ಎಸ್ ಆ್ಯಂಡ್ ಡಬ್ಲ್ಯು ಎಂಬ ತೋಟಾದ ಜೊತೆಗೆ. ಅದರ ಹುಟ್ಟು ಸ್ವಾರಸ್ಯವಾಗಿದೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ನಮ್ಮ ತೋಟಾಗೆ ಶಕ್ತಿ ಸಾಲಲಿಲ್ಲ ಅಂತ ಎಫ್‌ಬಿಐ ತೀರ್ಮಾನಕ್ಕೆ ಬಂತು. ದೊಡ್ಡದಾದ 10 ಎಂ.ಎಂ. ತೋಟಾ ಆರಿಸಿಕೊಂಡರು. ಅದರ ಒದೆತ ತೀರಾ ಹೆಚ್ಚು ಅಂತ ಮದ್ದು ಕಡಿಮೆ ಮಾಡಿಸಿದರು. ಮದ್ದು ಕಡಿಮೆ ಆದ ಮೇಲೆ ಕೇಸಿನೊಳಗೆ ಖಾಲಿ ಜಾಗ ಉಳಿಯಿತು. ಖಾಲಿ ಜಾಗ ಯಾಕೆ ದಂಡ ಅಂತ ಸ್ಮಿತ್ ಆ್ಯಂಡ್ ವೆಸನ್ ಹಾಗೂ ವಿಂಚೆಸ್ಟರ್ ಕಂಪನಿಗಳು ಕೇಸನ್ನೇ ಸುಮಾರು ಮೂರೂವರೆ ಮಿಲಿಮೀಟರ್ ಮೊಟಕು ಮಾಡಿ, 1990ರಲ್ಲಿ ಹೊಸ ತೋಟಾ ಬಿಡುಗಡೆ ಮಾಡಿದವು. 9 ಎಂ.ಎಂ. ಗಾತ್ರದ ಪಿಸ್ತೂಲಿನಲ್ಲೇ ದಪ್ಪ ಗುಂಡು ಹೊಡೆಯಬಹುದು ಅಂತ ಪೊಲೀಸ್ ಇಲಾಖೆಗಳು ಮುಗಿಬಿದ್ದವು.

ಆದರೆ ಆ ‘ದಂಡದ ಜಾಗ’ವೇ ಸೆಟ್‌ಬ್ಯಾಕ್ ಆದಾಗ ಕಾಯುವ ಜಾಗ. ಮೊಟಕು ಕೇಸು, ಅದರಲ್ಲಿ ಭಾರದ ಗುಂಡು, 9 ಎಂ.ಎಂ.ನಷ್ಟೇ ಒತ್ತಡದ ಮಿತಿ. ಮೊದಮೊದಲ ಕೆಲವು ಪಿಸ್ತೂಲುಗಳಲ್ಲಿ ಕೇಸಿನ ತಳಕ್ಕೆ ಆಸರೆಯೂ ಕಡಿಮೆ. ಎಲ್ಲವೂ ಒಟ್ಟಿಗೆ ಬಂದು ಕೂತವು. ಎಫ್‌ಬಿಐ 2015ರಲ್ಲಿ ಮತ್ತೆ 9 ಎಂ.ಎಂ.ಗೆ ಮರಳಿದ್ದು ಬೇರೆ ಕಾರಣಕ್ಕೆ. ಗುಂಡುಗಳ ತಂತ್ರಜ್ಞಾನ ಸುಧಾರಿಸಿತ್ತು, ಕಡಿಮೆ ಒದೆತದ ಪಿಸ್ತೂಲಿನಲ್ಲಿ ಏಜೆಂಟರ ಗುರಿ ಚೆನ್ನಾಗಿತ್ತು. ಸೆಟ್‌ಬ್ಯಾಕ್‌ಗೆ ಹೆದರಿ ಬಿಟ್ಟರು ಅನ್ನೋದು ಕಟ್ಟುಕತೆ.

ಮಕ್ಕಳಿದ್ದಾರೆ ಅಂತ ಪ್ರತಿದಿನ ಖಾಲಿ ಮಾಡುತ್ತಿದ್ದ ಅಧಿಕಾರಿ

ಈಗ ಆ ಇನ್ನೊಂದು ರಾತ್ರಿಯ ಕತೆ. ರಾತ್ರಿಯೋ ಹಗಲೋ, ಇರಲಿ. 2011ರ ಸೆಪ್ಟೆಂಬರ್. ಜಾರ್ಜಿಯಾ ರಾಜ್ಯದ ಗ್ವಿನೆಟ್ ಕೌಂಟಿಯ ಪೊಲೀಸ್ ಅಧಿಕಾರಿಯೊಬ್ಬರು ಗುಂಡು ಹಾರಿಸಲೇಬೇಕಾದ ಸ್ಥಿತಿಗೆ ಬಂದರು. ಟ್ರಿಗರ್ ಒತ್ತಿದರು. ಏನೂ ಆಗಲಿಲ್ಲ. ತರಬೇತಿಯಲ್ಲಿ ಕಲಿತಂತೆ ಆ ತೋಟಾ ಕಿತ್ತೆಸೆದು ಇನ್ನೊಂದನ್ನು ತುಂಬಿಕೊಂಡು ಬಚಾವಾದರು.

ಇಲಾಖೆ ‘ತಾಂತ್ರಿಕ ದೋಷ’ ಅಂತ ಬರೆದು ಮುಗಿಸಲಿಲ್ಲ. ಹಾರದ ತೋಟಾವನ್ನು ಎತ್ತಿಟ್ಟುಕೊಂಡು ತಯಾರಕರಿಗೆ ಕಳಿಸಿದರು. ಜೊತೆಗೆ ಅದೇ ಬಗೆಯ ಇನ್ನೂ 2,000 ತೋಟಾಗಳನ್ನೂ ಕಳಿಸಿದರು. ಆ ಎರಡು ಸಾವಿರವೂ ಸರಿಯಾಗಿ ಹಾರಿದವು. ಹಾರದ ತೋಟಾದ ಮೇಲೆ ಪಿನ್ ಬಡಿದ ಗುರುತು ಪೂರ್ತಿ ಇತ್ತು, ಅಂದ್ರೆ ಪಿಸ್ತೂಲಿನ ತಪ್ಪಲ್ಲ. ಬಿಚ್ಚಿ ನೋಡಿದಾಗ ಪ್ರೈಮರಿನೊಳಗಿನ ಕಿಡಿಮದ್ದು ಕಳಚಿ ಉದುರಿಹೋಗಿತ್ತು. ಬಡಿದರೂ ಕಿಡಿ ಹುಟ್ಟುವಂತಿರಲಿಲ್ಲ.

ಯಾಕೆ ಉದುರಿತು? ಅಧಿಕಾರಿಯನ್ನು ಕೂರಿಸಿ ಮಾತಾಡಿಸಿದರು. ಅವರ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಹಾಗಾಗಿ ಪ್ರತಿದಿನ ಮನೆಗೆ ಹೋದ ಕೂಡಲೇ ಚೇಂಬರಿನ ತೋಟಾ ತೆಗೆದು ಪಿಸ್ತೂಲು ಖಾಲಿ ಮಾಡಿಡುತ್ತಿದ್ದರು. ಮರುದಿನ ಮ್ಯಾಗಜೀನಿನ ಮೇಲಿನ ತೋಟಾವನ್ನು ಚೇಂಬರಿಗೆ ಹಾಕಿ, ನಿನ್ನೆ ತೆಗೆದಿದ್ದನ್ನು ಮ್ಯಾಗಜೀನಿಗೆ ಸೇರಿಸುತ್ತಿದ್ದರು. ಹೀಗೆ ಎರಡೇ ಎರಡು ತೋಟಾಗಳು ಸರದಿ ಮೇಲೆ ಒಳಗೆ ಹೊರಗೆ ಓಡಾಡುತ್ತಿದ್ದವು. ಆ ವರ್ಷದ ಫೆಬ್ರುವರಿ–ಮಾರ್ಚ್‌ನಲ್ಲಿ ತೋಟಾ ಕೊಟ್ಟಿದ್ದರು. ಸೆಪ್ಟೆಂಬರ್ ಹೊತ್ತಿಗೆ ಹತ್ತಿರಹತ್ತಿರ ನೂರು ಸಲ ಆಗಿತ್ತು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಆ ಮನುಷ್ಯ ಯಾವ ತಪ್ಪನ್ನೂ ಮಾಡಿರಲಿಲ್ಲ. ಮಕ್ಕಳಿರುವ ಮನೆಯಲ್ಲಿ ತುಂಬಿದ ಪಿಸ್ತೂಲು ಇಡಬಾರದು ಅನ್ನೋದು ಸರಿಯಾದ ನಿಯಮ. ಅದನ್ನು ನಿಷ್ಠೆಯಿಂದ ಪಾಲಿಸಿದ್ದೇ ತೋಟಾವನ್ನು ಕೆಡಿಸಿತು. ಒಂದು ಸುರಕ್ಷತಾ ನಿಯಮ ಇನ್ನೊಂದು ಅಪಾಯವನ್ನು ಸದ್ದಿಲ್ಲದೆ ಬೆಳೆಸುತ್ತಿತ್ತು. ಎರಡರ ನಡುವಿನ ಕೊಂಡಿ ಹೇಳಿಕೊಡಬೇಕಾದದ್ದು ಇಲಾಖೆ. ಘಟನೆ ಆದ ಮೇಲೆ ಅವರು ಸುತ್ತೋಲೆ ಹೊರಡಿಸಿದರು. ಅದೇ ತೋಟಾಗಳನ್ನು ಮತ್ತೆ ಮತ್ತೆ ಚೇಂಬರಿಗೆ ಹಾಕಬೇಡಿ, ಬದಲಿಸುತ್ತಾ ಇರಿ ಎಂಬ ಅರ್ಥದ್ದು. ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತಿತ್ತು: ಪ್ರೈಮರ್ ಉದುರುವುದು ಒಂದು ಅಪಾಯ, ಆದರೆ ಇದೇ ಅಭ್ಯಾಸದಿಂದ ಹೆಚ್ಚು ಸಾಮಾನ್ಯವಾಗಿ ಆಗೋದು ಗುಂಡು ಒಳಸರಿಯುವುದು, ಅದರಿಂದ ಒತ್ತಡ ಏರುವುದು.

ಅಂದ್ರೆ ಒಂದೇ ಅಭ್ಯಾಸಕ್ಕೆ ಎರಡು ತದ್ವಿರುದ್ಧ ಫಲ. ಒಂದೋ ಹಾರಬೇಕಾದಾಗ ಹಾರಲ್ಲ, ಇಲ್ಲಾ ಹಾರಿದಾಗ ಕೈಯಲ್ಲೇ ಸಿಡಿಯುತ್ತೆ. ಪ್ರೈಮರಿನ ದೋಷ ಕಣ್ಣಿಗೆ ಕಾಣಲ್ಲ. ಗುಂಡು ಸರಿದಿರೋದು ಮಾತ್ರ ನೋಡುವ ಅಭ್ಯಾಸ ಇದ್ದರೆ ಕಾಣುತ್ತೆ. ಅದೇ ಬಾಕ್ಸಿನ ಹೊಸ ತೋಟಾ ಪಕ್ಕದಲ್ಲಿ ಮೇಜಿನ ಮೇಲೆ ನಿಲ್ಲಿಸಿ ನೋಡಿದರೆ ದೊಡ್ಡ ವ್ಯತ್ಯಾಸ ಗೊತ್ತಾಗುತ್ತೆ, ಸಣ್ಣದಕ್ಕೆ ವರ್ನಿಯರ್ ಕ್ಯಾಲಿಪರ್ ಬೇಕು. ಹೌದು, ಎಸ್ಸೆಸ್ಸೆಲ್ಸಿ ಮುಗಿಸಿ ಮೊದಲ ಪ್ರಾಕ್ಟಿಕಲ್‌ನಲ್ಲಿ ಕೈಗೆ ಕೊಡ್ತಾರಲ್ಲ, ಅದೇ. ಗಿಡ್ಡವಾದ ತೋಟಾ ಸಿಕ್ಕರೆ ಹಾರಿಸೋದೂ ಬೇಡ, ಗುಂಡನ್ನು ಎಳೆದು ಸರಿಮಾಡುವ ಸಾಹಸವೂ ಬೇಡ. ಬೇರೆ ಇಟ್ಟು, ಗೊತ್ತಿದ್ದವರ ಕೈಗೆ ಒಪ್ಪಿಸಬೇಕು.

ಇದನ್ನೆಲ್ಲ ಸರ್ಕಾರವೇ ನೋಡಿಕೊಳ್ಳಬಾರದೇ ಅಂತ ಕೇಳಬಹುದು. ಅಮೆರಿಕದಲ್ಲಿ ಟೋಸ್ಟರಿನಿಂದ ತೊಟ್ಟಿಲಿನವರೆಗೆ ಗ್ರಾಹಕ ವಸ್ತುಗಳ ಸುರಕ್ಷತೆ ನೋಡಲು ಫೆಡರಲ್ ಆಯೋಗವೇ ಇದೆ. 1972ರಲ್ಲಿ ಅದನ್ನು ಹುಟ್ಟುಹಾಕಿದ ಕಾಯ್ದೆ ಬಂದೂಕನ್ನು ಹೊರಗಿಟ್ಟಿತು. ಕೈಬಂದೂಕಿನ ತೋಟಾಗಳನ್ನು ಅಪಾಯಕಾರಿ ವಸ್ತು ಎಂದು ನಿಷೇಧಿಸಿ ಎಂಬ ಅರ್ಜಿ ಬಂದ ಮೇಲೆ, 1976ರಲ್ಲಿ ಸಂಸತ್ತು ತಿದ್ದುಪಡಿ ತಂದು ತೋಟಾಗಳ ಬಾಗಿಲನ್ನೂ ಭದ್ರವಾಗಿ ಮುಚ್ಚಿತು. ಆಟಿಕೆ ಪಿಸ್ತೂಲು ಆಯೋಗದ ವ್ಯಾಪ್ತಿಗೆ ಬರುತ್ತೆ, ನಿಜವಾದ್ದು ಬರಲ್ಲ. ಒತ್ತಡದ ಮಿತಿಗಳನ್ನು ಬರೆಯೋದು ‘ಸಾಮಿ’ ಎಂಬ, ತಯಾರಕರದೇ ಸಂಘ; ಪಾಲಿಸೋದು ಸ್ವಯಂಪ್ರೇರಿತ. ತೋಟಾ ಎಷ್ಟು ಸಲ ಚೇಂಬರಿಗೆ ಹೋಗಿ ಬಂದರೂ ತಡೆಯಬೇಕು ಅಂತ ಗ್ರಾಹಕರ ಪರವಾಗಿ ಕಡ್ಡಾಯ ಮಾಡುವ ಅಧಿಕಾರ ಆ ಆಯೋಗಕ್ಕಿಲ್ಲ. ಪ್ರಬಲ ಲಾಬಿ ಅಂದ್ರೆ ಹೇಗಿರುತ್ತೆ ಅಂತ ನೋಡಬೇಕಿದ್ದರೆ ಈ ಎರಡು ಇಸವಿಗಳು ಸಾಕು.

ನಮ್ಮಲ್ಲಿ ಯಾರಿಗೆ ಇದು ಅನ್ವಯ?

ಕೊಡಗು, ಮಲೆನಾಡಿನ ಕೋವಿ ಇರುವ ಮನೆಯವರು ಈ ವಿಷಯದಲ್ಲಿ ನಿಶ್ಚಿಂತೆಯಿಂದಿರಬಹುದು. ಕೋವಿಯ ತೋಟಾದಲ್ಲಿ ಚಿಲ್ಲುಗಳು ಕೇಸಿನ ಒಳಗೇ ಇರುತ್ತವೆ, ಹೊರಚಾಚಿದ ಬಿರಡೆಯೇ ಇಲ್ಲ. ಲೈಸೆನ್ಸ್ ಇಟ್ಟುಕೊಂಡ ನಾಗರಿಕರ ಬಳಿ ಇರುವ .32 ರಿವಾಲ್ವರಿನಲ್ಲೂ, ಕಾನ್ಪುರದ ಕಾರ್ಖಾನೆಯಿಂದ ಬರೋದು, ಈ ತೊಂದರೆ ಇಲ್ಲ. ಅಲ್ಲಿ ತೋಟಾವನ್ನು ಕೈಯಿಂದ ಗೂಡಿಗೆ ಇಳಿಸುತ್ತಾರೆ, ಮೂಗು ಎಲ್ಲಿಗೂ ಬಡಿಯಲ್ಲ. ರಿವಾಲ್ವರಿನದು ಉಲ್ಟಾ ಕಾಯಿಲೆ. ಒಂದು ಗುಂಡು ಹಾರಿದ ಒದೆತಕ್ಕೆ ಪಕ್ಕದ ಗೂಡುಗಳ ಗುಂಡು ಮುಂದಕ್ಕೆ ಜಾರಿ, ಚಕ್ರ ತಿರುಗದಂತೆ ಸಿಕ್ಕಿಕೊಳ್ಳಬಹುದು, ಅದೂ ಹೆಚ್ಚಾಗಿ ಭಾರೀ ಒದೆತದ ತೋಟಾಗಳಲ್ಲಿ. .32 ಪಿಸ್ತೂಲು ಇಟ್ಟುಕೊಂಡವರು ಮಾತ್ರ ಮೇಲಿನದನ್ನೆಲ್ಲ ಗಮನಿಸಬೇಕು.

9 ಎಂ.ಎಂ. ನಾಗರಿಕರಿಗೆ ನಿಷೇಧಿತ. ಅದು ಪೊಲೀಸರದು, ಸೈನ್ಯದ್ದು. ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವ ಪಿಸ್ತೂಲ್ ಆಟೊ 9 ಎಂ.ಎಂ. 1ಎ ನಮ್ಮ ಪಡೆಗಳ ಹಳೆಯ ಒಡನಾಡಿ. ಬ್ರೌನಿಂಗ್ ಹೈಪವರ್‌ನ ವಿನ್ಯಾಸ. ಅದರಲ್ಲೂ ತೋಟಾ ಇಳಿಜಾರಿಗೆ ಬಡಿದೇ ಒಳಗೆ ಹೋಗಬೇಕು, ಗ್ಲಾಕ್‌ನಲ್ಲೂ ಅಷ್ಟೇ. ಚೇಂಬರ್ ಖಾಲಿ ಇಟ್ಟು, ಮ್ಯಾಗಜೀನ್ ಮಾತ್ರ ಹಾಕಿಕೊಂಡು ಓಡಾಡುವವರಿಗೆ ಈ ಅಪಾಯ ತೀರಾ ಕಡಿಮೆ, ಯಾಕಂದ್ರೆ ತೋಟಾ ಮ್ಯಾಗಜೀನಿನಿಂದ ಕದಲುವುದೇ ಇಲ್ಲ. ಚೇಂಬರ್ ತುಂಬಿಕೊಂಡು ಡ್ಯೂಟಿ ಮಾಡಿ, ಪಾಳಿ ಮುಗಿದಾಗ ಖಾಲಿ ಮಾಡುವ ಗನ್‌ಮ್ಯಾನ್‌ಗಳ ಲೆಕ್ಕ ಬೇರೆ. ಸಚಿವರ ಕಾರಿನ ಮುಂದಿನ ಸೀಟಿನಲ್ಲಿ ಕೂರುವ ಆ ಮನುಷ್ಯನ ಸೊಂಟದಲ್ಲಿರುವ ಮೇಲಿನ ತೋಟಾ ಎಷ್ಟು ಸಲ ಒಳಗೆ ಹೋಗಿ ಬಂದಿದೆ?

ಇಲ್ಲಿ ನನ್ನ ಅನುಮಾನ ಶುರುವಾಗೋದು ಯಂತ್ರದ ಮೇಲಲ್ಲ, ರಿಜಿಸ್ಟರಿನ ಮೇಲೆ. ಕಾಲೇಜಿನಲ್ಲಿ ಕೆಡೆಟ್ ಆಗಿದ್ದಾಗ .22 ರೈಫಲ್ಲಿನಲ್ಲಿ ಐದು ಸುತ್ತು ಹೊಡೆಯಲು ಸಿಕ್ಕಿತ್ತು. ಹೊಡೆದಿದ್ದಕ್ಕಿಂತ ಚೆನ್ನಾಗಿ ನೆನಪಿರೋದು ಆಮೇಲಿನ ಒಂದು ಗಂಟೆ. ಒಂದು ಖಾಲಿ ಕೇಸು, ಅಲ್ಲಿ ‘ಖೋಕಾ’ ಅಂತಿದ್ರು, ಲೆಕ್ಕಕ್ಕೆ ಸಿಗಲಿಲ್ಲ. ಮೂವತ್ತು ಹುಡುಗರು ಹುಲ್ಲಿನ ಮೇಲೆ ತೆವಳಿದೆವು. ಸಿಕ್ಕಿದ ಮೇಲೆಯೇ ಊಟ. ಆ ಶಿಸ್ತು ತಪ್ಪಲ್ಲ. ಕಳೆದ ಒಂದೊಂದು ತೋಟಾ ಯಾರ ಕೈ ಸೇರುತ್ತೆ ಅನ್ನೋ ಭಯ ಇರುವ ದೇಶದಲ್ಲಿ ಎಣಿಕೆ ಬೇಕೇ ಬೇಕು. ಆದರೆ ಎಣಿಕೆಯೊಂದೇ ಇದ್ದಾಗ ಏನಾಗುತ್ತೆ ನೋಡಿ. ರಿಜಿಸ್ಟರಿನಲ್ಲಿ ‘ತೋಟಾ: 20’ ಅಂತ ಇರುತ್ತೆ. ಹೊಸದೂ ಒಂದೇ, ನೂರು ಸಲ ಬಡಿದಿದ್ದೂ ಒಂದೇ. ಇಪ್ಪತ್ತು ಕೊಟ್ಟರೆ ಇಪ್ಪತ್ತು ವಾಪಸ್ ಬಂದರೆ ಎಲ್ಲರೂ ಕ್ಷೇಮ.

ಈಗ ಒಬ್ಬ ಕಾನ್‌ಸ್ಟೆಬಲ್‌ಗೆ ಒಂದು ತೋಟಾ ಗಿಡ್ಡ ಅನ್ನಿಸಿತು ಅಂದುಕೊಳ್ಳಿ. ಅವರು ಶಸ್ತ್ರಾಗಾರದವರ ಮುಂದೆ ಹೋಗಿ ‘ಸಾರ್, ಇದು ಸರಿ ಇಲ್ಲ, ಬದಲಿಸಿ ಕೊಡಿ’ ಅನ್ನಬೇಕು. ‘ಏನ್ ಮಾಡ್ದೆ ಇದಕ್ಕೆ?’ ಅನ್ನೋ ಪ್ರಶ್ನೆ ಬರುತ್ತಾ ಇಲ್ವಾ? ವಿವರಣೆ ಬರೆದುಕೊಡಬೇಕಾ? ಅದಕ್ಕಿಂತ ಅದನ್ನು ಮ್ಯಾಗಜೀನಿನ ತಳಕ್ಕೆ ತಳ್ಳಿ ಸುಮ್ಮನಿರೋದು ಸುಲಭ ಅಂತ ನನಗನ್ಸುತ್ತೆ. ಇದು ನನ್ನ ಊಹೆ, ಯಾವ ಠಾಣೆಯ ಮೇಲಿನ ಆರೋಪವೂ ಅಲ್ಲ. ಗ್ವಿನೆಟ್‌ನ ಅಧಿಕಾರಿ ‘ಹೌದು, ನಾನು ದಿನಾ ಹೀಗೆ ಮಾಡ್ತಿದ್ದೆ’ ಅಂತ ನಿರ್ಭಯವಾಗಿ ಹೇಳಿದ್ದಕ್ಕೇ ಕಾರಣ ಗೊತ್ತಾಯಿತು ಅನ್ನೋದನ್ನು ಮರೆಯಬೇಡಿ. ಹಾಗೆ ಹೇಳಿದವರನ್ನೇ ಅಮಾನತು ಮಾಡುವ ವ್ಯವಸ್ಥೆಯಲ್ಲಿ ದೋಷಗಳೆಲ್ಲ ‘ತಾಂತ್ರಿಕ’ವಾಗಿಯೇ ಉಳಿಯುತ್ತವೆ.

2019ರ ಆಗಸ್ಟ್‌ನಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಅಂತ್ಯಕ್ರಿಯೆಯಲ್ಲಿ ಗೌರವ ಸಲ್ಲಿಸಲು ಎತ್ತಿದ 22 ರೈಫಲ್‌ಗಳಲ್ಲಿ ಒಂದೂ ಹಾರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಉತ್ತರ ಪ್ರದೇಶದ ಖಲೀಲಾಬಾದ್ ಠಾಣೆಯಲ್ಲಿ ಹಿರಿಯ ಅಧಿಕಾರಿ ತಪಾಸಣೆಗೆ ಬಂದಾಗ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಬಂದೂಕಿನ ಬಾಯಿಯಿಂದ ಗುಂಡು ಹಾಕಲು ಹೊರಟರು. ಇವೆರಡಕ್ಕೂ ಸೆಟ್‌ಬ್ಯಾಕ್‌ಗೂ ಸಂಬಂಧ ಇಲ್ಲ. ಎರಡೂ ಸಲ ನಾವು ನಕ್ಕೆವು, ಅಷ್ಟೇ ಸಂಬಂಧ.

ತೋಟಾ ಎಷ್ಟಿವೆ ಅಂತ ಮಾಹಿತಿ ಹಕ್ಕಿನಡಿ ಕೇಳಿದರೆ ‘ಭದ್ರತೆ’ ಅಂತ ಬಾಗಿಲು ಹಾಕ್ತಾರೆ, ಹಾಕಲಿ. ಪದ್ಧತಿ ಕೇಳೋದಕ್ಕೆ ಅಡ್ಡಿ ಇರಬಾರದು. ನಾನು ಬರೆದಿಟ್ಟುಕೊಂಡಿರುವ ಅರ್ಜಿಯಲ್ಲಿ ಇರೋದು ಮೂರೇ ಪ್ರಶ್ನೆ. ಡ್ಯೂಟಿಗೆ ಕೊಟ್ಟ ತೋಟಾಗಳನ್ನು ಎಷ್ಟು ಅವಧಿಗೊಮ್ಮೆ ಅಭ್ಯಾಸಕ್ಕೆ ಬಳಸಿ ಹೊಸದು ಕೊಡಬೇಕು ಅನ್ನುವ ಲಿಖಿತ ಆದೇಶ ಇದೆಯೇ? ಒಂದೇ ತೋಟಾವನ್ನು ಪದೇ ಪದೇ ಚೇಂಬರಿಗೆ ಹಾಕುವುದರ ಅಪಾಯ ತರಬೇತಿಯ ಪಠ್ಯದಲ್ಲಿ ಇದೆಯೇ? ಸಿಬ್ಬಂದಿಯೊಬ್ಬರು ತಾವಾಗಿಯೇ ‘ಈ ತೋಟಾ ಸರಿ ಇಲ್ಲ’ ಎಂದು ಹಿಂತಿರುಗಿಸಿದರೆ, ರಿಜಿಸ್ಟರಿನ ಯಾವ ಕಾಲಂನಲ್ಲಿ ಅದನ್ನು ಬರೆಯುತ್ತೀರಿ?